ಗಾಲಿ ಇಲ್ಲದ ಬಾವಿ

ಸತ್ತ ಗಂಡನ ದಿನಕರ್ಮ ಮುಗಿದ ಮರುದಿನ ಬೆಳಿಗ್ಗೆ ಗದಿಗೆವ್ವ ಬಾವಿಗೆ ಬಾಗಿ ಮಂತ್ರ ಹೇಳಿದಳು. ನೀರು ಮೇಲೇರಲಿಲ್ಲ. ಮಂತ್ರಕ್ಕೇ ನೀರು ಬರುವ ಮಲ್ಲಸಮುದ್ರದಲ್ಲಿ ಯಾವ ಬಾವಿಗೂ ಹಗ್ಗ, ಗಾಲಿ ಇರಲಿಲ್ಲ. ಆದರೆ ನೀರು ಮುತ್ತೈದೆಯರ ಮಾತನ್ನಷ್ಟೇ ಕೇಳುತ್ತಿತ್ತು.

“ಬಿಡವಾ, ಇನ್ನ ನಿನ್ನ ಕೊಡಾ ನಾನ ತುಂಬಸ್ತೀನಿ. ನೀ ಸಾಯೂತನಾ ನಾ ಅದೀನಲ್ಲ,” ಎಂದಳು ನೆರೆಮನೆಯ ಸುಮಿತ್ರವ್ವ.

ಬಾವಿಯ ಪಕ್ಕದಲ್ಲೇ ಗದಿಗೆವ್ವಳ ಗಂಡ ಎರಡು ನಟ್ಟು ಬಿಗಿಯದೆ ಬಿಟ್ಟುಹೋದ ಕೈಪಂಪು ನಿಂತಿತ್ತು. ಏಕೀಕರಣದ ಹಬ್ಬದ ದಿನ ನಡೆಸಿ ತೋರಿಸುತ್ತೇನೆಂದು ಅವನು ಹೇಳಿದಾಗ, “ಮಂತ್ರ ಇರೂವಾಗ ಕಬ್ಬಿಣ ಯಾಕೋ?” ಎಂದು ಊರೇ ನಕ್ಕಿತ್ತು. ಗದಿಗೆವ್ವಳೂ ನಕ್ಕಿದ್ದಳು. ಈಗ ಅವನು ಕಡ ತಂದಿದ್ದ ಪಾನಾ ಹಿಡಿದು ಆ ಎರಡೂ ನಟ್ಟು ಬಿಗಿದಳು. ಹಿಡಿಕೆ ಒತ್ತಿದಳು, ಒತ್ತುತ್ತಲೇ ಇದ್ದಳು.

ಪಾನಾ ಮರಳಿಸಲು ಹೋದಾಗ ಕಮ್ಮಾರ ಉಡಚಪ್ಪ ಅವಳ ಸೊಂಟದ ಮೇಲಿನ ತುಂಬಿದ ಕೊಡವನ್ನೇ ನೋಡಿದ. “ಯಾರ ತುಂಬಿಸಿದ್ರವಾ?”

ಅವಳು ಪಾನಾವನ್ನು ಅವನ ಕೈಗಿಟ್ಟಳು.