ಸೂಲಗಿತ್ತಿಯ ಜರ್ಮನ್ ಚಾಕು

"ನೂರಾರು ಕೂಸಿನ ಹೊಕ್ಕಳಬಳ್ಳಿ ಇದ್ರಲ್ಲೇ ಕೊಯ್ದೆ ಕಣಪ್ಪಾ, ಸತ್ತಿದ್ದು ನನ್ ಮಗಳು ಸಾಕಮ್ಮನ ಕೂಸು ಒಂದೇಯ. ಇದು ಯುದ್ಧದಲ್ಲಿ ಜನಾನ ಕೊಂದ ಚಾಕು ತಾನೆ? ಅದ್ರ ಪಾಪ್ವೇ ನಮಗೆ ತಟ್ಟಿದ್ದು ಅನ್ನು, ಇವತ್ತೇ ಸುಮ್ನೆ ತಗಂಡೋಗು" ಎಂದಳು ಹಳೇಕೋಟೆಯ ಸೂಲಗಿತ್ತಿ ದ್ಯಾವಮ್ಮ.

ಎರಡನೇ ಮಹಾಯುದ್ಧಕ್ಕೆ ಹೋಗಿದ್ದ ಅವಳ ಮಾವ ಮಿಲಿಟರಿಯಿಂದ ತಂದಿದ್ದ ಜರ್ಮನ್ ಚಾಕುವನ್ನು ಚನ್ನರಾಯಪಟ್ಟಣದ ನಾಗಕುಮಾರ ಜಗಲಿಯ ಬೆಳಕಿಗೆ ಹಿಡಿದು ಭೂತಗನ್ನಡಿ ಇಟ್ಟ. ಇಂಥ ಹಳೇ ಚಾಕುಗಳಿಗಾಗಿ ಇಪ್ಪತ್ತು ವರ್ಷದಿಂದ ಊರೂರು ಅಲೆದವನು ಅವನು. ಹಿಡಿಯ ಮೇಲೆ ವಾರೆಯಾದ ಸ್ವಸ್ತಿಕದ ಬಿಲ್ಲೆ, ಅಲಗಿನ ಬುಡದಲ್ಲಿ 1938 ಎಂಬ ಇಸವಿ. ಅಸಲಿ ಮಾಲು! ಖುಷಿಗೆ ನಾಲಿಗೆ ತಡೆಯಲಿಲ್ಲ.

"ಅಯ್ಯೋ, ಇದು ಸೈನಿಕರದ್ದಲ್ಲ ಅಜ್ಜಿ, ಹುಡುಗರದ್ದು! ಹಿಟ್ಲರ್ ಕಾಲದಲ್ಲಿ ಅವನ ಪಡೆಗೆ ಸೇರಿಸ್ಕೊಂಡ ಶಾಲೆ ಹುಡುಗರಿಗೆ ಕೊಡ್ತಿದ್ರು. ಕ್ಯಾಂಪಲ್ಲಿ ಬ್ರೆಡ್ಡು ಕೊಯ್ಯೋಕೆ, ಕಡ್ಡಿ ಕೆತ್ತೋಕೆ. ಮೊನೆ ನೋಡಿ, ಹೊಸದರಂಗೇ ಅದೆ. ಯಾರಿಗೂ ಚುಚ್ಚಿರೋದಲ್ಲ ಬಿಡಿ."

ಪಾಪ ಚಾಕುವಿನದೇ ಅನ್ನು ಎಂದು ಅವಳು ಕೇಳಿದ್ದು ಮಾತು ಮುಗಿದ ಮೇಲಷ್ಟೇ ಅವನಿಗೆ ನೆನಪಾಯಿತು.

"ಅಂಗಾದ್ರೆ ಚಾಕಿಂದೇನೂ ತಪ್ಪಿಲ್ಲ ಅನ್ನು." ಅಳುವಿಲ್ಲ, ಸಿಟ್ಟಿಲ್ಲ, ಸಂತೆಯ ದಿನ ಯಾವುದೆಂದು ಹೇಳುವವಳ ದನಿ.

"ಹಂಗಲ್ಲಜ್ಜಿ..." ಎನ್ನುತ್ತ ನಾಗಕುಮಾರ ಚಾಕುವನ್ನು ಜಗಲಿಯ ಮೇಲಿಟ್ಟ.

ಅವನಿಗೆಂದು ಕಾಫಿ ತಂದು ಹೊಸ್ತಿಲಲ್ಲೇ ನಿಂತಿದ್ದ ಸಾಕಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಬಂದು ಆ ಲೋಟವನ್ನು ಅವ್ವನ ಕೈಗಿಟ್ಟಳು. ಅವ್ವನ ಬೆರಳುಗಳು ಲೋಟವನ್ನು ಹಿಡಿಯಲೇ ಇಲ್ಲವಾದ್ದರಿಂದ, ಕಾಫಿ ಆರುವವರೆಗೂ ತಾನೇ ಹಿಡಿದುಕೊಂಡು ಪಕ್ಕದಲ್ಲಿ ಕೂತಳು.