ಗಾಜಿನಲ್ಲಿ ಉಳಿದ ಎಣ್ಣೆಗಾಯಿ

ಖಾನಾವಳಿಗಳ ಬಗ್ಗೆ ಈಗ ಯಾರೂ ಅಭಿಪ್ರಾಯ ಬರೆಯುತ್ತಿರಲಿಲ್ಲ. ಉಂಡವರು ಕೈತೊಳೆದು ಬಾಗಿಲ ಬಳಿಯ ಗಾಜಿಗೆ ಹೆಬ್ಬೆರಳು ಒತ್ತಿದರೆ ಸಾಕು, ನಾಲಗೆಯ ಮೇಲಿನ ರುಚಿ ಅದರಲ್ಲಿ ಉಳಿಯುತ್ತಿತ್ತು. ದೂರದೂರಿನವರು ಮೊಬೈಲ್ ಮುಟ್ಟಿ ಅದನ್ನು ಚಪ್ಪರಿಸುತ್ತಿದ್ದರು. ನಾಲಗೆ ಸುಳ್ಳು ಹೇಳುವುದಿಲ್ಲವೆಂದು ಎಲ್ಲರ ನಂಬಿಕೆ.

ಅದನ್ನೇ ನಂಬಿ ಗದಗಿನ ಖಾನಾವಳಿಯೊಂದಕ್ಕೆ ಬಂದ ಇಂದುಮತಿ, ರೊಟ್ಟಿ ಮುರಿದು ಎಣ್ಣೆಗಾಯಿ ಬಾಯಿಗಿಟ್ಟಳು. ಸಪ್ಪೆ. ಬದನೆಕಾಯಿಗೂ ಮಸಾಲೆಗೂ ಮಾತು ಬಿಟ್ಟಂತಿತ್ತು.

“ಮೊಬೈಲಿನ್ಯಾಗ ಬಂದ ರುಚಿ ಇದಲ್ಲರೀ,” ಎಂದಳು.

ಮಾಲೀಕ ಗುರುಶಾಂತಪ್ಪ ತಲೆ ತುರಿಸಿಕೊಂಡ. “ಎಲ್ಲಾರೂ ಹಂಗ ಅಂತಾರ್ರೀ ಅಕ್ಕಾರ. ಅಡಿಗಿ ಮಾಡೋರು ನಾವು, ಆ ರುಚಿ ಎಲ್ಲಿಂದ ಬರ್ತದೋ ನಮಗೂ ತಿಳೀವಲ್ದು. ನಿಮ್ಮದೂ ಒತ್ತಿ ಹೋಗ್ರಿ.”

ಸಿಟ್ಟಿನಲ್ಲೇ ಒತ್ತಿದಳು. ಒತ್ತುವಾಗ, ನಮ್ಮವ್ವ ಮಾಡಿದ್ದರೆ ಹೀಗಿರುತ್ತಿತ್ತೇ ಎಂದುಕೊಂಡಳು. ಹುರಿದ ಗುರೆಳ್ಳು, ಹುಣಸೆ, ಚೂರು ಬೆಲ್ಲ. ತೀರಿಕೊಂಡ ಅವ್ವನ ಕೈರುಚಿ ಬಾಯೊಳಗೆ ಹೊಗೆಯಂತೆ ತೇಲಿಹೋಯಿತು.

ಊರಿಗೆ ಮರಳಿದ ಮರುದಿನ ಮೊಬೈಲಿನಲ್ಲಿ ಆ ಖಾನಾವಳಿಯ ಹೊಸ ರುಚಿ ಬಂದಿತ್ತು. ಮುಟ್ಟಿದಳು. ಅವ್ವ ಎದುರಿಗೆ ಕೂತು ಬಡಿಸಿದಂತಾಯಿತು.

ಒತ್ತಿದ ಹೆಬ್ಬೆರಳು ತನ್ನದೇ ಎಂದು ಅವಳಿಗೆ ಗೊತ್ತಿತ್ತು. ಆದರೂ ಚಪ್ಪಲಿ ಮೆಟ್ಟಿಕೊಂಡು ಗದಗಿನ ಬಸ್ಸು ಹಿಡಿದಳು.