ಸುಡುಬೇಸಿಗೆಯಲ್ಲಿ ತುಂಬಿದ ಕೆರೆ

ಇದನ್ನು ಹೇಳುವಷ್ಟು ತಿಳಿವಳಿಕೆ ನನಗಿಲ್ಲ. ತಪ್ಪಿದ್ದರೆ ಬಲ್ಲವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಉಪಗ್ರಹ ತೆಗೆದ ಚಿತ್ರ ನೋಡಿ ಊರೂರಿನ ಕೆರೆಗಳನ್ನು ಗುರುತಿಸುವುದು ಚೆಲುವರಾಜುವಿನ ಕೆಲಸ. ಸುಡುಬೇಸಿಗೆಯಲ್ಲೂ ತುಂಬಿದ್ದ ಕೆರೆಯೊಂದನ್ನು ಅವನು ಪತ್ತೆ ಹಚ್ಚಿದ. ಸಾಹೇಬರು ಹಿಗ್ಗಿ ಹೀರೇಕಾಯಿಯಾಗಿ ಮಂತ್ರಿಗಳ ಕಿವಿಗೂ ಹಾಕಿದರು. ಸೋಮವಾರ ಬಾಗಿನ ಬಿಡುವುದೆಂದು ಗೊತ್ತಾದ ಮೇಲೆ ಅವನಿಗೆ ಅಳುಕು ಹುಟ್ಟಿತು. ಕಣ್ಣಾರೆ ನೋಡಿಬರಲು ಹೊರಟ.

ಕೆರೆ ಇರಬೇಕಾದ ಜಾಗದಲ್ಲಿ ಪುಟ್ಟಗೌರಮ್ಮ ಎಂಬ ಮುದುಕಿ ತನ್ನ ಹಿತ್ತಿಲಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದಳು.

“ಅಜ್ಜಿ, ಇಲ್ಲೊಂದು ಕೆರೆ ಇತ್ತಲ್ಲ?”

“ಇಲ್ಲಿ ಕುಡಿಯೋ ನೀರಿಗೇ ತತ್ವಾರ ಕಣಪ್ಪ.”

ಅವನು ಮೊಬೈಲಿನಲ್ಲಿ ಚಿತ್ರ ತೋರಿಸಿದ. ಅವಳು ಬೊಚ್ಚುಬಾಯಿ ತೆರೆದು ನಕ್ಕಳು.

“ಅಯ್ಯೋ ಮಂಕುಮುಂಡೇದೆ, ಅದು ಹೋದ ತಿಂಗಳು ಮೊಮ್ಮಗಳ ಮದುವೆಗೆ ಹಿತ್ತಿಲ ತುಂಬ ಹಾಕಿಸಿದ್ದ ನೀಲಿ ಟಾರ್ಪಾಲು! ಊರೆಲ್ಲ ಅದರಡೀಲಿ ಕೂತು ಉಂಡಿತ್ತು. ಕೂತ್ಕೊ, ಮಜ್ಜಿಗೆ ತರ್ತೀನಿ.”

ತನ್ನ ಕೆಲಸ ಹೋಯಿತೆಂದೇ ಚೆಲುವರಾಜು ತಿಳಿದ. ಸಾಹೇಬರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಒಪ್ಪಿಸಿದ. ಅವರು ಏನೋ ಹೇಳಿದರು. ಅವನಿಗೆ ಹೋದ ಜೀವ ಬಂದಂತಾಯಿತು. ಆದರೆ ಮುದುಕಿಯ ಮುಖ ನೋಡುವ ಧೈರ್ಯ ಬರಲಿಲ್ಲ.

“ಏನಂದ್ರು ನಿಮ್ ಸಾಹೇಬ್ರು?” ಮಜ್ಜಿಗೆಯ ಲೋಟ ಅವನ ಕೈಗಿಡುತ್ತ ಅವಳು ಕೇಳಿದಳು.

“ಹೋದ ತಿಂಗಳಿದ್ದ ಕೆರೆ ಈಗಿಲ್ಲ ಅಂದ್ರೆ ಅದನ್ನ ನೀವೇ ನುಂಗಿರಬೇಕಂತೆ ಅಜ್ಜಿ. ಸೋಮವಾರ ಮಂತ್ರಿಗಳು ಬಾಗಿನದ ಬದಲು ಜೆಸಿಬಿ ತರ್ತಾರಂತೆ.”

ಆ ಮಜ್ಜಿಗೆಯನ್ನು ಅವನು ಕುಡಿದನೋ ಇಲ್ಲವೋ, ನನಗೆ ತಿಳಿಯದು.